ಮರಿತಾಯಮ್ಮ ರಾಡು ಎತ್ತಿದ್ದು

ಬದನವಾಳಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಮರಿತಾಯಮ್ಮನ ಶಕ್ತಿಯ ಬಗ್ಗೆ ಊರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಕೊತಕೊತ ಕುದಿಯುವ ಸಾರಿನ ಪಾತ್ರೆಯನ್ನು ಒಲೆಯಿಂದ ಇಳಿಸುವವಳು ಅವಳೇ, ಅಕ್ಕಿಮೂಟೆಯನ್ನು ದಾಸ್ತಾನು ಕೋಣೆಯಿಂದ ಎಳೆದು ತರುವವಳೂ ಅವಳೇ. ಜೊತೆಗೆ ಕೆಲಸ ಮಾಡುವ ಶಿವನಂಜಮ್ಮ, "ತಡಿಯಕ್ಕ, ಯಾರ್ನಾರ ಗಂಡಸ್ರ ಕರೀತೀನಿ" ಅನ್ನುವಷ್ಟರಲ್ಲಿ ಮೂಟೆ ಬಂದು ಒಲೆಯ ಪಕ್ಕ ಕೂತಿರುತ್ತಿತ್ತು. ವಯಸ್ಸು ಐವತ್ತರ ಹತ್ತಿರ ಬಂದಿದ್ದರೂ ಸೊಂಟ ನೋವು, ಮಂಡಿ ನೋವು ಅಂತ ಒಂದು ದಿನ ಕೂತವಳಲ್ಲ. ಅಂಥ ಹೆಂಗಸು ತನ್ನದೇ ಮನೆಯ ಹಿತ್ತಲಲ್ಲಿ ಅಂಗಾತ ಮಲಗಿ, ಎದೆಯ ಮೇಲಿದ್ದ ಒಂದು ರಾಡನ್ನು ಮೇಲಕ್ಕೆ ತಳ್ಳಲಾರದೆ ಕಾಲು ಬಡಿದ ದಿನ ಒಂದು ಬಂತು. ಆ ದಿನ ಅವಳಿಗೆ ಬಂದ ಸಿಟ್ಟಿನಿಂದಲೇ ಮುಂದಿನದೆಲ್ಲ ಆಯಿತು.

ಶುರುವಾದದ್ದು ಮಗ ಮಾದೇಶನಿಂದ. ಮಾದೇಶ ಪೊಲೀಸ್ ಕಾನ್‌ಸ್ಟೇಬಲ್ ಆಯ್ಕೆಗೆಂದು ಮೈಸೂರಿಗೆ ಹೋಗಿದ್ದ. ಓಟದಲ್ಲಿ ಎಲ್ಲರಿಗಿಂತ ಮುಂದೆ, ಜಿಗಿತದಲ್ಲೂ ಮುಂದೆ. ಎದೆ ಅಳೆಯುವ ಕಡೆ ಬಂದಾಗ ಮಾತ್ರ ಟೇಪು ಹಿಡಿದವರು ಅವನ ಮುಖ ನೋಡಿದರು. "ಉಸಿರು ಎಳ್ಕೊಂಡು ಉಬ್ಸಪ್ಪ" ಅಂದರು. ಅವನು ಉಬ್ಬಿಸಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಉಬ್ಸಪ್ಪ" ಅಂದರು. "ಉಬ್ಸಿದ್ದೀನಿ ಸಾ" ಅಂದ. ಅಲ್ಲಿಗೆ ಆ ವರ್ಷದ ಆಯ್ಕೆ ಮುಗಿಯಿತು.

ಮನೆಗೆ ಬಂದವನು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ. ಅವನಪ್ಪ ಕರಿಯಯ್ಯ ಗಾರೆ ಮೇಸ್ತ್ರಿ. ಕೆಲಸದಿಂದ ಬಂದು ಕೈಕಾಲು ತೊಳೆದುಕೊಂಡು ವಿಷಯ ಕೇಳಿದ. ಕೇಳಿದವನಿಗೆ ಅದೇನು ದೊಡ್ಡ ಸಂಗತಿ ಅನ್ನಿಸಲಿಲ್ಲ.

"ಎದೆ ತಾನೆ? ಕಟ್ಟವ ಬುಡ್ಲಾ. ಊರೋರ ಮನೆಯೆಲ್ಲ ಕಟ್ಟಿದ್ದೀನಿ, ಮಗನ ಎದೆ ಕಟ್ಟಾಕಾಗಲ್ವಾ?"

ಬಾಯಿಮಾತಿಗೆ ಅಂದದ್ದಲ್ಲ. ಮಾರನೆಯ ಸಂಜೆ ಎರಡು ದೊಡ್ಡ ಪೇಂಟು ಡಬ್ಬ, ಒಂದು ಹಳೆಯ ನೀರಿನ ಪೈಪು, ಮಿಕ್ಕ ಸಿಮೆಂಟು ತಂದ. ಜಲ್ಲಿ ಮರಳು ಹದವಾಗಿ ಕಲಸಿ, ಡಬ್ಬಕ್ಕೆ ತುಂಬಿ, ಪೈಪಿನ ಒಂದೊಂದು ತುದಿಯನ್ನು ಒಂದೊಂದು ಡಬ್ಬದೊಳಗೆ ನಿಲ್ಲಿಸಿದ. ಮೋಲ್ಡು ಹಾಕಿದ ಮನೆಗೆ ನೀರು ಕಟ್ಟುವ ಹಾಗೆ ಎರಡು ಡಬ್ಬಕ್ಕೂ ಗೋಣಿಚೀಲ ಹೊದಿಸಿ ಬೆಳಗ್ಗೆ ಸಂಜೆ ನೀರು ಹಾಕಿದ. ಹಿತ್ತಲ ಹೊಂಗೆಮರದ ಕೆಳಗೆ ಎರಡು ಕವೆಗೋಲು ನೆಟ್ಟ. ರಾಡು ಕೂರುವುದಕ್ಕೆ ಅದು. ಸಿಮೆಂಟು ಇಟ್ಟಿಗೆ ಜೋಡಿಸಿ ಮೇಲೆ ಹಲಗೆ ಹಾಕಿದ, ಅದು ಬೆಂಚು.

"ಆರ್‌ಸಿಸಿ ಕಣ್ಲಾ ಇದು. ಗಟ್ಟಿ ಇರ್ಲಿ ಅಂತ ಜಲ್ಲಿ ಒಸಿ ಜಾಸ್ತಿನೇ ಹಾಕಿದ್ದೀನಿ" ಅಂತ ಹೆಮ್ಮೆಯಿಂದ ಹೇಳಿದ.

ಆ ಜಲ್ಲಿಯೇ ಎಡವಟ್ಟು ಮಾಡಿತು. ಒಂದು ಬೆಳಗ್ಗೆ ಮರಿತಾಯಮ್ಮ ಒಳಗೆ ಮುದ್ದೆ ತಿರುವುತ್ತಿದ್ದಾಗ ಹಿತ್ತಲಿಂದ "ಅವ್ವೋ" ಅಂತ ಸಣ್ಣ ದನಿ ಕೇಳಿಸಿತು. ಕೈಯಲ್ಲಿದ್ದ ಮುದ್ದೆಕೋಲಿನ ಸಮೇತ ಓಡಿದಳು. ನೋಡಿದರೆ ಮಗ ಹಲಗೆಯ ಮೇಲೆ ಅಂಗಾತ ಬಿದ್ದಿದ್ದಾನೆ, ಎದೆಯ ಮೇಲೆ ರಾಡು ಕೂತಿದೆ, ಮುಖ ಕೆಂಪಗಾಗಿದೆ, ಮಾತು ಹೊರಡುತ್ತಿಲ್ಲ. ಕೋಲು ಎಸೆದವಳೇ ರಾಡಿನ ನಡುವೆ ಎರಡು ಕೈ ಹಾಕಿ, ಹಲ್ಲು ಕಚ್ಚಿ ಎಳೆದು ಕವೆಯ ಮೇಲೆ ಕೂರಿಸಿದಳು. ಆಮೇಲೆ ಮಗನ ಬೆನ್ನಿನ ಮೇಲೆ ಒಂದು ಬಿಟ್ಟಳು.

"ಒಬ್ನೇ ಇದ್ದಾಗ ಇದ್ನ ಮುಟ್ಟಿದ್ರೆ ನೋಡು! ನಿಮ್ಮಪ್ಪಂಗೆ ಬುದ್ಧಿ ಇಲ್ಲ, ನಿಂಗೂ ಇಲ್ವಾ?"

ಬೆನ್ನು ಉಜ್ಜಿಕೊಳ್ಳುತ್ತಿದ್ದ ಮಾದೇಶ ರಾಡನ್ನೂ ಅವ್ವನನ್ನೂ ನೋಡಿ ನಗತೊಡಗಿದ. "ಅವ್ವ, ನೀನು ಎಂಗೆತ್ತಿದೆ ಇದ್ನ?"

ಅಂದಿನಿಂದ ಮರಿತಾಯಮ್ಮನ ಕಾನೂನು ಜಾರಿಗೆ ಬಂತು. ದೊಡ್ಡ ಡಬ್ಬ ಮೂಲೆ ಸೇರಿತು. ಕರಿಯಯ್ಯ ಚಿಕ್ಕ ಡಬ್ಬದ ಇನ್ನೊಂದು ರಾಡು ಮಾಡಿಕೊಟ್ಟ. ಅದರಲ್ಲೂ ಒಂದು ಕಡೆ ಸ್ವಲ್ಪ ಭಾರ ಹೆಚ್ಚಾಗಿ ರಾಡು ಯಾವಾಗಲೂ ಎಡಕ್ಕೆ ವಾಲುತ್ತಿತ್ತು. ಮಾದೇಶ ಎತ್ತುವಾಗ ಅವನ ತಲೆಯ ಹತ್ತಿರ ಅವ್ವ ನಿಂತಿರಲೇಬೇಕು. ಅವಳು ನಿಲ್ಲುವುದೆಂದರೆ ಸುಮ್ಮನೆ ನಿಲ್ಲುವವಳಲ್ಲ. ಮಗ ಮೊಬೈಲಿನಲ್ಲಿ ನೋಡುತ್ತಿದ್ದ ವೀಡಿಯೊಗಳನ್ನು ತಾನೂ ಬಗ್ಗಿ ನೋಡಿದಳು. ಭುಜದ ಹಿಂದಿನ ಎರಡು ಮೂಳೆಯನ್ನೂ ಒಂದಕ್ಕೊಂದು ಹತ್ತಿರ ತಂದು ಬೆನ್ನನ್ನು ಹಲಗೆಗೆ ಒತ್ತಬೇಕು, ಪಾದ ನೆಲ ಬಿಡಬಾರದು, ರಾಡನ್ನು ಎದೆಯ ಮೇಲೆ ಬೀಳಿಸಬಾರದು, ನಿಧಾನಕ್ಕೆ ಇಳಿಸಬೇಕು. ಇಷ್ಟನ್ನು ತಿಳಿದುಕೊಂಡ ಮೇಲೆ ಮಗನಿಗೆ ಬಿಡುವೇ ಇಲ್ಲ.

"ಕುಂಡಿ ಯಾಕ್ಲಾ ಎತ್ತೀಯ? ಕೂತ್ಕೊಳ್ಳೋದು ಕೂತಿರ್ಲಿ... ನಿನ್ನ ಎಡಗೈ ಸೋಂಬೇರಿ ಕಣ್ಲಾ, ಬಲಗೈ ದುಡಿದಾಕಬೇಕು, ಅದು ಕುಂತ್ಕೊಂಡು ತಿನ್ಬೇಕು."

ಹೀಗೆ ಹೇಳಿ ಹೇಳಿ ಒಂದು ದಿನ ಮಾದೇಶನಿಗೆ ರೇಗಿತು. "ಬಾಯಲ್ಲಿ ಎಲ್ರೂ ಎತ್ತಾರೆ. ಬಾ, ನೀನೇ ಮಲಿಕ್ಕೊ."

ಮರಿತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಲಗಿಯೇಬಿಟ್ಟಳು. ರಾಡು ಕವೆಯಿಂದ ಕೈಗೆ ಬಂತು, ಕೈಯಿಂದ ಎದೆಗೆ ಇಳಿಯಿತು, ಅಲ್ಲೇ ಉಳಿಯಿತು. ತಳ್ಳಿದಳು. ಉಸಿರು ಕಟ್ಟಿ ತಳ್ಳಿದಳು. ಕಾಲು ಬಡಿದಳು. ಹೊಂಗೆಮರದ ಎಲೆಗಳ ಸಂದಿಯಲ್ಲಿ ಆಕಾಶ ಕಾಣುತ್ತಿತ್ತೇ ಹೊರತು ರಾಡು ಕದಲಲಿಲ್ಲ. ಮಗ ಎತ್ತಿ ಕೂರಿಸಿದ ಮೇಲೆ ಎದ್ದು ಕೂತವಳ ಕಣ್ಣಲ್ಲಿ ನೀರೇ ಬಂದಿತ್ತು. ನೋವಿಗಲ್ಲ, ಅವಮಾನಕ್ಕೆ.

"ಇದೆಂತಾದ್ದು? ಅಷ್ಟು ದೊಡ್ಡ ಪಾತ್ರೆ ಇಳಿಸ್ತೀನಿ ನಾನು. ಇದು ಅದ್ರಲ್ಲಿ ಅರ್ಧ ಇಲ್ಲ."

"ಪಾತ್ರೆ ಎತ್ತೋದು ಬೆನ್ನು, ತೊಡೆ ಕಣವ್ವ. ಇದು ಎದೆ. ಎದೆ ಕೆಲ್ಸ ತಳ್ಳೋದು. ನೀನು ಯಾವತ್ತಾದ್ರೂ ಏನಾದ್ರೂ ತಳ್ಳಿದ್ದೀಯಾ?"

ಅವಳು ಯೋಚಿಸಿದಳು. ನೀರು ಸೇದಿದ್ದಳು, ಹೊರೆ ಹೊತ್ತಿದ್ದಳು, ಮೂಟೆ ಎಳೆದಿದ್ದಳು, ಮಕ್ಕಳನ್ನು ಎತ್ತಿದ್ದಳು. ತಳ್ಳಿದ್ದು ಅಂದರೆ ಒಮ್ಮೆ ಕೆಟ್ಟು ನಿಂತಿದ್ದ ಆಟೋ. ಅದನ್ನೂ ಬೆನ್ನು ಕೊಟ್ಟು ತಳ್ಳಿದ್ದಳು.

"ಅಂಗಾರೆ ಏಳ್ಕೊಡು" ಅಂದಳು.

ಮೊದಲ ದಿನಗಳಲ್ಲಿ ಗೋಡೆಗೆ ಕೈ ಊರಿ ದಂಡ ಹೊಡೆದಳು. ಗೋಡೆ ಸುಲಭವಾದ ಮೇಲೆ ಜಗಲಿಯ ಅಂಚಿಗೆ ಕೈ ಊರಿದಳು. ಡಬ್ಬವಿಲ್ಲದ ಬರೀ ಪೈಪನ್ನು ಹಲಗೆಯ ಮೇಲೆ ಮಲಗಿ ಎತ್ತಿ ಇಳಿಸಿದಳು. ಇಷ್ಟಕ್ಕೇ ಮಾರನೆಯ ಬೆಳಗ್ಗೆ ಎದೆಯಿಂದ ತೋಳಿನವರೆಗೆ ಎಂಥ ನೋವು ಬಂತೆಂದರೆ, ತಲೆ ಬಾಚಿಕೊಳ್ಳಲು ಕೈ ಮೇಲೇಳಲಿಲ್ಲ. ಶಾಲೆಗೆ ಹೊತ್ತಾಗುತ್ತಿದೆ. ಬೇರೆ ದಾರಿ ಕಾಣದೆ ಗಂಡನನ್ನು ಕರೆದಳು.

ಕರಿಯಯ್ಯ ಬಾಚಣಿಗೆ ಹಿಡಿದು ಹಿಂದೆ ಕೂತ. ಹೆಂಡತಿಯ ತಲೆ ಬಾಚುವುದು ಅವನಿಗೂ ಹೊಸದು. ಎಣ್ಣೆಯನ್ನು ಅಂಗೈಯಲ್ಲಿ ಹಾಕಿಕೊಂಡು ನೆತ್ತಿಗೆ ಒತ್ತಿ ಒತ್ತಿ ಸವರಿದ.

"ಗಿಲಾವು ಮಾಡ್ದಂಗೆ ಬಳೀಬೇಡ ಕಣಯ್ಯ!"

"ಸುಮ್ಕಿರು, ಮೊದ್ಲು ಲೆವೆಲ್ ಬರ್ಬೇಕು" ಅಂದ ಅವನು. ಜಡೆ ಹೆಣೆಯಲು ಬರದೆ ಗಂಟು ಹಾಕಿಬಿಟ್ಟ. ಆ ಗಂಟು ನೋಡಿ ಶಿವನಂಜಮ್ಮ ಒಲೆ ಮುಂದೆ ಕೂತು ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ವಿಷಯ ತಿಳಿದ ಮೇಲೆ ಇನ್ನೂ ನಕ್ಕಳು. "ಈ ವಯಸ್ಸಲ್ಲಿ ನಿಂಗ್ಯಾಕಕ್ಕ ಎದೆ ಬೆಳ್ಸೋ ಚಿಂತೆ?" ಊರಲ್ಲೂ ಅದೇ ಮಾತು ಓಡಾಡಿತು. ನಲ್ಲಿ ಹತ್ತಿರ ಯಾರೋ ಸೆರಗು ಬಾಯಿಗೆ ಅಡ್ಡ ಹಿಡಿದು ಕಿಸಕ್ಕೆಂದರು. ಮರಿತಾಯಮ್ಮ ಕೊಡ ತುಂಬಿಸಿಕೊಂಡು, "ಬನ್ನಿ, ಒಂದ್ಸಲ ಮಲಿಕ್ಕೊಂಡು ಎತ್ತಿ ನೋಡಿ, ಆಮೇಲೆ ನಗೀರಂತೆ" ಅಂದು ಬಂದಳು.

ಮೊದಮೊದಲು ದಿನವೂ ಎತ್ತುತ್ತಿದ್ದಳು. ನೋವು ಆರುತ್ತಲೇ ಇರಲಿಲ್ಲ. ಆಮೇಲೆ ಮಗ ಎಲ್ಲೋ ಓದಿಕೊಂಡು ಬಂದು, ಒಂದು ದಿನ ಎತ್ತಿದರೆ ಒಂದು ದಿನ ಬಿಡಬೇಕು, ಮಾಂಸಖಂಡ ಬಲಿಯುವುದು ಎತ್ತುವಾಗಲ್ಲ, ಬಿಡುವು ಕೊಟ್ಟು ಉಂಡು ಮಲಗಿದಾಗ ಅಂದ. ಮಲಗುವುದು ಸರಿ, ಉಣ್ಣುವುದೇ ಕಷ್ಟವಾಯಿತು. ಮನೆಯ ಕೋಳಿಮೊಟ್ಟೆಯೆಲ್ಲ ಅಷ್ಟು ವರ್ಷ ಮಗನ ತಟ್ಟೆಗೇ ಹೋಗಿ ಅಭ್ಯಾಸ. ಈಗ ಮಾದೇಶ ತನ್ನ ತಟ್ಟೆಯಿಂದ ತೆಗೆದು ಅವಳ ತಟ್ಟೆಗೆ ಹಾಕಿ, ಅವಳು ನುಂಗುವವರೆಗೂ ನೋಡುತ್ತಾ ಕೂರುತ್ತಿದ್ದ. ಹುರುಳಿಕಾಳಿನ ಸಾರು ಗಟ್ಟಿಯಾಯಿತು. ಹೊಳೆ ಮೀನು ಮಾರುವವನು ಬಂದರೆ ಕರಿಯಯ್ಯ ಚೌಕಾಶಿ ಮಾಡದೆ ಕೊಂಡ.

ಕೆಲವು ತಿಂಗಳಾದ ಮೇಲೆ ಹಿತ್ತಲಲ್ಲಿ ಒಂದು ಬೆಳಗ್ಗೆ, ಡಬ್ಬದ ರಾಡು ಅವಳ ಎದೆಗೆ ಇಳಿದು ತಾನಾಗಿ ಹೊರಟ ಹಾಗೆ ಮೇಲಕ್ಕೆ ಹೋಯಿತು. ಎಡಕ್ಕೆ ವಾಲಿತು, ನಡುಗಿತು, ಆದರೂ ಹೋಯಿತು. ತಲೆಯ ಹತ್ತಿರ ನಿಂತಿದ್ದ ಮಾದೇಶ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ತೋರಿಸಿದ. "ನಾನು ಮುಟ್ಟಿಲ್ಲ ಕಣವ್ವ. ಆಣೆಗೂ ಮುಟ್ಟಿಲ್ಲ."

ಅಷ್ಟೊತ್ತಿಗೆ ಚಾಮರಾಜನಗರದ ರೈಲು ಊರು ದಾಟುತ್ತಿತ್ತು. ಮರಿತಾಯಮ್ಮ ಹಲಗೆಯ ಮೇಲೆ ಮಲಗಿಕೊಂಡೇ ಕೂಗು ಹಾಕಿದಳು. ರೈಲಿನವರು ಕೇಳಿಸಿಕೊಂಡರೋ ಇಲ್ಲವೋ, ಪಕ್ಕದ ಮನೆಯವರು ಓಡಿಬಂದರು.

ಮೈ ತುಂಬುತ್ತಿದೆ ಅಂತ ಮೊದಲು ಕಂಡುಹಿಡಿದವಳು ದರ್ಜಿ ಚಾಮುಂಡಮ್ಮ. ಹಳೆಯ ರವಿಕೆಗಳ ತೋಳು ಬಿಚ್ಚಿಸಿಕೊಳ್ಳಲು ಹೋದಾಗ ಚಾಮುಂಡಮ್ಮ ಅಳತೆ ತೆಗೆದು ಕನ್ನಡಕ ಸರಿಮಾಡಿಕೊಂಡಳು. "ಸೊಂಟ ಇಳ್ದಿದೆ, ತೋಳು ಏರಿದೆ, ಎದೆ ಮೇಲ್ಗಡೆ ಬಿಗಿ ಆಗಿದೆ. ಏನಕ್ಕ ಇದು, ಮೈಯ್ಯೆಲ್ಲ ಜಾಗ ಬದ್ಲಾಯಿಸ್ಕೊಂಡದೆ?" ಮರಿತಾಯಮ್ಮ ಆ ಪುಟ್ಟ ಅಂಗಡಿಯ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡಳು. ಕುತ್ತಿಗೆಯ ಕೆಳಗೆ ಮೊದಲು ಮೂಳೆ ಕಾಣುತ್ತಿದ್ದ ಕಡೆ ಈಗ ತುಂಬಿಕೊಂಡಿತ್ತು. ಮುಟ್ಟಿ ನೋಡಿದಳು. ಯಾರೂ ನೋಡದಿದ್ದಾಗ ಇನ್ನೊಮ್ಮೆ ಮುಟ್ಟಿ ನೋಡಿದಳು.

ಮುಂದಿನ ಆಯ್ಕೆಯಲ್ಲಿ ಮಾದೇಶ ಪಾಸಾದ. ಟೇಪು ಹಿಡಿದವರು ಉಬ್ಬಿಸು ಅನ್ನುವ ಮೊದಲೇ ಉಬ್ಬಿಸಿ ನಿಂತಿದ್ದನಂತೆ. ತರಬೇತಿಗೆ ಹೊರಡುವ ಮುಂಚಿನ ವಾರ ಅವ್ವನನ್ನು ನಂಜನಗೂಡಿಗೆ ಕರೆದುಕೊಂಡು ಹೋದ. ಕೊನೆಯ ಕೆಲವು ತಿಂಗಳು ಅವನು ಅಲ್ಲಿನ ಒಂದು ಜಿಮ್ಮಿಗೂ ಹೋಗುತ್ತಿದ್ದ. ಟೈರು ಅಂಗಡಿಯ ಮೇಲಿನ ಮಹಡಿ. ಹೇಳಿಕೊಡುವವಳು ಯಶೋಧರಾ ಅಂತ, ದೈಹಿಕ ಶಿಕ್ಷಣ ಓದಿದ್ದ ಮೂವತ್ತರ ಹೆಣ್ಣುಮಗಳು, ಕತ್ತರಿಸಿದ ಕೂದಲು, ಮೆತ್ತನೆಯ ಮಾತು.

"ಮೇಡಮ್, ನಮ್ಮವ್ವ. ನಾನು ಏಳಿದ್ನಲ್ಲ" ಅಂದ ಮಾದೇಶ.

ಯಶೋಧರಾ ಮರಿತಾಯಮ್ಮನನ್ನು ನಿಜವಾದ ಬೆಂಚಿನ ಮೇಲೆ ಮಲಗಿಸಿದಳು. ಕೈಗೆ ನಿಜವಾದ ರಾಡು ಕೊಟ್ಟಳು. ನುಣುಪಾದ ಉಕ್ಕು, ಕೈ ಜಾರದ ಹಾಗೆ ತರಿತರಿ ಗೆರೆ, ಎರಡು ಕಡೆಯೂ ಸಮಭಾರ. ಮರಿತಾಯಮ್ಮ ಇಳಿಸಿದಳು, ಎತ್ತಿದಳು. ಮತ್ತೆ ಇಳಿಸಿದಳು, ಎತ್ತಿದಳು. ಮುಖದಲ್ಲಿ ಗಾಬರಿ ಕಾಣಿಸಿಕೊಂಡಿತು.

"ಏನಾಯ್ತಮ್ಮ, ಭಾರ ಆಯ್ತಾ?"

"ಇದು ವಾಲಾಕೇ ಇಲ್ವಲ್ಲ ಮೇಡಮ್ಮು!"

ಇಷ್ಟು ದಿನ ಅವಳ ಅರ್ಧ ಶಕ್ತಿ ವಾಲುವ ರಾಡನ್ನು ನೇರ ಹಿಡಿಯುವುದಕ್ಕೇ ಹೋಗಿತ್ತು. ಯಶೋಧರಾ ಎರಡು ಕಡೆಗೂ ಪ್ಲೇಟು ಹಾಕಿದಳು. ಹೋಯಿತು. ಇನ್ನೊಂದಿಷ್ಟು ಹಾಕಿದಳು. ಅದೂ ಹೋಯಿತು. ಪಕ್ಕದಲ್ಲಿ ಡಂಬೆಲ್ ಹಿಡಿದಿದ್ದ ಇಬ್ಬರು ಕಾಲೇಜು ಹುಡುಗಿಯರು ತಮ್ಮ ಕೆಲಸ ಬಿಟ್ಟು ಬಂದು ನಿಂತರು. ಕೊನೆಗೆ ಯಶೋಧರಾಳೇ ಸಾಕು ಅಂದಳು. "ಶನಿವಾರ ಮಧ್ಯಾಹ್ನ ಹೆಂಗಸರ ಬ್ಯಾಚ್ ಇದೆ. ನೀವು ಬರ್ಬೇಕು" ಅಂದಳು. ಶನಿವಾರ ಶಾಲೆ ಅರ್ಧ ದಿನ. ಮರಿತಾಯಮ್ಮ ಮಗನ ಮುಖ ನೋಡಿದಳು. ಮಗ ಆಗಲೇ ಅವಳ ಹೆಸರು ಬರೆಸುತ್ತಿದ್ದ.

ಮಾದೇಶ ಹೋದ ಮಾರನೆಯ ಬೆಳಗ್ಗೆ ಮರಿತಾಯಮ್ಮ ಅಭ್ಯಾಸದಂತೆ ಹಿತ್ತಲಿಗೆ ಬಂದಳು. ಹಲಗೆಯ ಮೇಲೆ ಹೊಂಗೆ ಹೂವು ಉದುರಿತ್ತು. ಗುಡಿಸಿ ಕೂತಳು. ತಲೆಯ ಹತ್ತಿರ ನಿಲ್ಲುವವರಿಲ್ಲದೆ ರಾಡು ಮುಟ್ಟಬಾರದು ಅನ್ನುವ ಕಾನೂನು ಮಾಡಿದವಳು ತಾನೇ. ಮನೆಯೂ ಬಿಕೋ ಅನ್ನುತ್ತಿತ್ತು. ಎದ್ದು ಒಳಗೆ ಹೋಗೋಣ ಅನ್ನುವಷ್ಟರಲ್ಲಿ ಬೀಡಿ ಆರಿಸಿ ಕರಿಯಯ್ಯ ಬಂದ. ಕವೆಯ ಹಿಂದೆ ಹೋಗಿ ನಿಂತು ಲುಂಗಿ ಎತ್ತಿ ಕಟ್ಟಿದ.

"ಮಲಿಕ್ಕೊ, ನಂಗೆ ಕೆಲ್ಸಕ್ಕೆ ಒತ್ತಾಯ್ತದೆ."

"ನಿಂಗೆ ಇಡಿಯಾಕೆ ಬತ್ತದಾ?"

"ಮಾಳಿಗೆ ಮೇಲಿಂದ ಎಸ್ದ ಬಾಂಡ್ಲಿ ಇಡ್ದೋನು ನಾನು. ನೀನು ಕೈಬುಟ್ರೆ ಇಡ್ಕೋತೀನಿ, ಎತ್ತು."

ಅವಳು ಎತ್ತಿದಳು. ಅವನು ಪ್ರತಿ ಸಲಕ್ಕೂ, ಕಲ್ಲು ಸಾಗಿಸುವಾಗ ಕೂಗುವ ಹಾಗೆ "ಐಸಾ" ಅಂತ ಕೂಗಿದ. ನಗು ಬಂದು ರಾಡು ಅರ್ಧದಲ್ಲಿ ನಿಂತುಹೋಯಿತು. "ಬಾಯಿ ಮುಚ್ಕೊಂಡು ನಿಂತ್ಕೊ ಕಣಯ್ಯ" ಅಂದಳು. ಅವನು ಬಾಯಿ ಮುಚ್ಚಿದ. ಮುಂದಿನ ವಾರಗಳಲ್ಲೂ ಅವನೇ ನಿಂತ.

ಶನಿವಾರಗಳು ಹೀಗೇ ಸಾಗಿ ವರ್ಷ ತಿರುಗುತ್ತಾ ಬಂತು. ಹೆಂಗಸರ ಬ್ಯಾಚಿನಲ್ಲಿ ಮರಿತಾಯಮ್ಮ ಎಲ್ಲರಿಗೂ ಅಮ್ಮ. ಎತ್ತುವುದು ಮುಗಿದ ಮೇಲೆ ಎಲ್ಲರೂ ಕೂತು ಬಾಳೆಹಣ್ಣು ತಿನ್ನುತ್ತಿದ್ದರು. ರಸಬಾಳೆ ಸಿಕ್ಕರೆ ರಸಬಾಳೆ, ಇಲ್ಲದಿದ್ದರೆ ಯಾವುದಾದರೂ. ಒಂದು ಶನಿವಾರ ಯಶೋಧರಾ ಹೇಳಿದಳು, ಟಿ. ನರಸೀಪುರದ ಒಂದು ಸಮುದಾಯ ಭವನದಲ್ಲಿ ಬೆಂಚ್ ಪ್ರೆಸ್ ಸ್ಪರ್ಧೆ ಇಟ್ಟಿದ್ದಾರೆ, ನಲವತ್ತೈದು ದಾಟಿದ ಹೆಂಗಸರಿಗೂ ಬೇರೆ ವಿಭಾಗ ಇದೆ.

"ನಮ್ಮಂಥೋರು ಯಾರು ಬತ್ತಾರೆ ಮೇಡಮ್ಮು? ನಾನೊಬ್ಳೇ ನಿಂತ್ಕೊಂಡು ಬಿದ್ದರೂ ಫಸ್ಟು, ಎದ್ದರೂ ಫಸ್ಟು."

"ಇನ್ನೊಬ್ಬರು ಹೆಸರು ಕೊಟ್ಟಿದ್ದಾರಂತೆ" ಅಂದಳು ಯಶೋಧರಾ.

ಆ ಇನ್ನೊಬ್ಬರು ಯಾರು ಅನ್ನುವುದು ಸ್ಪರ್ಧೆಯ ದಿನದವರೆಗೂ ಗೊತ್ತಾಗಲಿಲ್ಲ. ಭಾನುವಾರ ಬೆಳಗ್ಗೆ ಮರಿತಾಯಮ್ಮ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ ಕರಿಯಯ್ಯನ ಜೊತೆ ನಂಜನಗೂಡಿನಲ್ಲಿ ನರಸೀಪುರದ ಬಸ್ ಹತ್ತಿದಳು. ಯಶೋಧರಾ ಬೇರೆ ಹುಡುಗಿಯರನ್ನು ಕರೆದುಕೊಂಡು ಮೊದಲೇ ಹೋಗಿದ್ದಳು. ಕರಿಯಯ್ಯನಿಗೆ ಹಿಂದೆ ಸೀಟು ಸಿಕ್ಕಿತು, ಮರಿತಾಯಮ್ಮ ಮುಂದೆ ಕೂತಳು. ದಾರಿಯಲ್ಲಿ ಸಿಗುವ ಹದಿನಾರು ಗ್ರಾಮದಲ್ಲಿ ಒಬ್ಬ ದಪ್ಪನೆಯ ಹೆಂಗಸು ಹತ್ತಿದರು, ಹಣೆಯಲ್ಲಿ ವಿಭೂತಿ, ಜೊತೆಗೆ ಸೊಸೆ. ತುಂಬಿದ ಚೀಲವನ್ನು ಒಂದೇ ಕೈಯಲ್ಲಿ ಮೇಲಿನ ಕಂಬಿಗೆ ಎಸೆದು ಮರಿತಾಯಮ್ಮನ ಪಕ್ಕ ಕೂತರು. ಮರಿತಾಯಮ್ಮ ಆ ಕೈಯನ್ನೇ ನೋಡಿದಳು.

"ಎಲ್ಲಿಗವ್ವ?" ಅಂತ ಆಕೆಯೇ ಮಾತು ತೆಗೆದರು.

ರಾಡು ಎತ್ತುವುದಕ್ಕೆ ಅಂತ ಹೇಳಲು ಮರಿತಾಯಮ್ಮನಿಗೆ ನಾಚಿಕೆ ಅಡ್ಡ ಬಂತು. "ನರಸೀಪುರಕ್ಕೆ, ನೆಂಟರ ಮನೆ. ನೀವು?"

"ನಾನೂ ಅಲ್ಗೇಯ. ಕಣ್ಣಿನ ಡಾಕ್ಟ್ರ ತಾವ."

ಸೊಸೆ ಕಿಟಕಿ ಕಡೆ ತಿರುಗಿಕೊಂಡು ನಗು ನುಂಗಿದಳು. ದಾರಿಯುದ್ದಕ್ಕೂ ಎಮ್ಮೆ ಹಾಲು, ಮಕ್ಕಳ ಮದುವೆ, ಭತ್ತದ ನಾಟಿ ಎಲ್ಲ ಮಾತಾಯಿತು. ನರಸೀಪುರದಲ್ಲಿ ಇಳಿದು ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಹೋದರು. ಸ್ವಲ್ಪ ಹೊತ್ತಿಗೆ ಸಮುದಾಯ ಭವನದಲ್ಲಿ ಸ್ಪರ್ಧಿಗಳ ತೂಕ ನೋಡುವ ಕೋಣೆಗೆ ಮರಿತಾಯಮ್ಮ ಟೀಶರ್ಟು, ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಮುದುಡಿಕೊಂಡು ಬಂದರೆ, ತಕ್ಕಡಿಯ ಮೇಲೆ ಅದೇ ಹೆಂಗಸು ಟೀಶರ್ಟು ಹಾಕಿಕೊಂಡು ನಿಂತಿದ್ದಾರೆ.

ಇಬ್ಬರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿದರು.

"ಇದೇನಾ ನಿನ್ನ ನೆಂಟರ ಮನೆ?" ಅಂದರು ಆಕೆ.

"ನಿಮ್ಮ ಕಣ್ಣು ಸರ್‌ಯಾಗೇ ಕಾಣ್ತದಲ್ಲ!" ಅಂದಳು ಮರಿತಾಯಮ್ಮ.

ಕೋಣೆಯಲ್ಲಿದ್ದವರು ಏನಾಯಿತೆಂದು ತಿರುಗಿ ನೋಡುವ ಹಾಗೆ ಇಬ್ಬರೂ ನಕ್ಕರು. ಆಕೆಯ ಹೆಸರು ಮಲ್ಲಾಜಮ್ಮ. ಎರಡು ವರ್ಷದ ಹಿಂದೆ ಭುಜ ಹಿಡಿದುಕೊಂಡು ಹಾಲು ಕರೆಯಲೂ ಆಗದೆ ಕೂತಿದ್ದವರನ್ನು ಸೊಸೆ ಚೈತ್ರ ಮೊದಲು ನೀರಿನ ಬಾಟಲಿ ಎತ್ತಿಸಿ, ಆಮೇಲೆ ಡಂಬೆಲ್, ಆಮೇಲೆ ರಾಡು ಅಂತ ಮನೆಯಲ್ಲೇ ಪಳಗಿಸಿದ್ದಳು.

ಒಬ್ಬೊಬ್ಬರಿಗೆ ಮೂರು ಅವಕಾಶ. ಸ್ಪರ್ಧೆಯ ನಿಯಮ ಒಂದಿತ್ತು. ರಾಡು ಎದೆಗೆ ಮುಟ್ಟಿ ಅಲುಗದೆ ನಿಂತ ಮೇಲೆ ತೀರ್ಪುಗಾರರು "ಪ್ರೆಸ್" ಅನ್ನುತ್ತಾರೆ. ಆಗ ಮಾತ್ರ ತಳ್ಳಬೇಕು. ಯಶೋಧರಾ ಅದನ್ನು ಸಾಕಷ್ಟು ಸಲ ಕಲಿಸಿದ್ದಳು. ಆದರೆ ಅಷ್ಟು ಜನರ ಮುಂದೆ, ಅಷ್ಟು ಬೆಳಕಿನ ಕೆಳಗೆ ಮಲಗಿದಾಗ ಮರಿತಾಯಮ್ಮನಿಗೆ ಕಲಿತದ್ದೆಲ್ಲ ಮರೆಯಿತು. ರಾಡು ಎದೆಗೆ ತಾಗಿದ್ದೇ ತಡ, ತಳ್ಳಿ ಕೂರಿಸಿ ಎದ್ದು ಕೈಮುಗಿದಳು. ಮೂವರು ತೀರ್ಪುಗಾರರೂ ಕೆಂಪು ಬಾವುಟ ಎತ್ತಿದರು. ಬಾವುಟ ಎತ್ತಿದ್ದು ಗೆದ್ದದ್ದಕ್ಕೆ ಅಂದುಕೊಂಡು ಕರಿಯಯ್ಯ ಎದ್ದು ಚಪ್ಪಾಳೆ ತಟ್ಟಿದ. ಪಕ್ಕದವರು ಹಿಡಿದು ಕೂರಿಸಿದರು.

ಯಶೋಧರಾ ಹತ್ತಿರ ಬಂದು ಅವಳ ಎರಡು ಭುಜ ಹಿಡಿದಳು. "ಅಮ್ಮ, ಶಕ್ತಿ ಇದೆ. ಕಾಯೋದೊಂದೇ ಬಾಕಿ. ಅನ್ನ ಬೆಂದಿದೆ, ತಟ್ಟೆ ಹಿಡ್ಕೊಂಡು ಮಕ್ಕಳು ಸಾಲಲ್ಲಿ ನಿಂತಿದ್ದಾರೆ, ಮೇಷ್ಟ್ರು ಬಡಿಸಿ ಅನ್ನೋವರೆಗೂ ಸೌಟು ಎತ್ತಬಾರದು. ಅಷ್ಟೇ."

ಅದು ಅವಳಿಗೆ ಅರ್ಥವಾಯಿತು. ಎರಡನೆಯ ಸಲ ರಾಡು ಎದೆಯ ಮೇಲೆ ಕೂತಾಗ ಉಸಿರು ಹಿಡಿದು ಕಾದಳು. ಆ ಒಂದು ಕ್ಷಣ ಬಹಳ ಉದ್ದವಾಗಿತ್ತು. "ಪ್ರೆಸ್!" ತಳ್ಳಿದಳು. ಮೂರೂ ಬಿಳಿ ಬಾವುಟ. ಕರಿಯಯ್ಯ ಈ ಸಲ ಹುಷಾರಾಗಿ ಪಕ್ಕದವರನ್ನು ಕೇಳಿಕೊಂಡು ಎದ್ದ.

ಮಲ್ಲಾಜಮ್ಮ ಅಷ್ಟನ್ನೇ ಎತ್ತಿದ್ದರು. ಕೊನೆಯ ಸಲಕ್ಕೆ ಇಬ್ಬರೂ ನಲವತ್ತೈದು ಕಿಲೋ ಕೇಳಿದರು. ಮಲ್ಲಾಜಮ್ಮ ಮೊದಲು ಹೋಗಿ, "ಶಿವಾ" ಅಂದು ಎತ್ತಿಯೇಬಿಟ್ಟರು. ಆಮೇಲೆ ಮರಿತಾಯಮ್ಮ ಮಲಗಿದಳು. ಇಳಿಸಿದಳು, ಕಾದಳು, ತಳ್ಳಿದಳು. ಅರ್ಧಕ್ಕೆ ಬಂದು ರಾಡು ನಿಂತಿತು. ಹಿಂದಿನಿಂದ ಒಂದು ಹೆಣ್ಣುದನಿ ಜೋರಾಗಿ ಕೇಳಿಸಿತು. "ಬುಡ್ಬೇಡ ಕಣವ್ವ, ತಳ್ಳು! ತಳ್ಳು!" ಅದು ಮಲ್ಲಾಜಮ್ಮನ ದನಿ. ರಾಡು ಅಷ್ಟಷ್ಟೇ ಕದಲಿ, ಕದಲಿ, ಮೇಲೆ ಮುಟ್ಟಿತು.

ಇಬ್ಬರದೂ ಸಮ. ಆಗ ತೀರ್ಪುಗಾರರು ನಿಯಮ ಓದಿದರು. ಸಮ ಎತ್ತಿದರೆ ಮೈತೂಕ ಕಡಿಮೆ ಇದ್ದವರಿಗೆ ಮೊದಲ ಸ್ಥಾನ. ಮರಿತಾಯಮ್ಮನ ತೂಕ ಸ್ವಲ್ಪ, ಬಲು ಸ್ವಲ್ಪವೇ ಕಡಿಮೆ ಇತ್ತು.

ಮಲ್ಲಾಜಮ್ಮ ಹಣೆ ಬಡಿದುಕೊಂಡು ಸೊಸೆ ಕಡೆ ತಿರುಗಿದರು. "ನೆನ್ನೆ ರಾತ್ರಿ ಒಬ್ಬಟ್ಟು ತಟ್ಟಬೇಡ ಅಂತ ಏಳಿದ್ನಲ್ಲ ಚೈತ್ರ!"

"ತಟ್ಟಿದ್ದು ನಾನು, ಸಾಲಾಗಿ ತಿಂದಿದ್ದು ಯಾರತ್ತೆ?"

ಮರಿತಾಯಮ್ಮನಿಗೆ ಕಪ್ ಕೊಟ್ಟರು. ಅವಳು ಅದರ ಒಂದು ಹಿಡಿಯನ್ನು ತಾನು ಹಿಡಿದು, ಇನ್ನೊಂದನ್ನು ಮಲ್ಲಾಜಮ್ಮನ ಕೈಗೆ ಕೊಟ್ಟಳು. ಫೋಟೋ ಹಾಗೆಯೇ ಬಂದಿದೆ. ತರಬೇತಿ ಶಾಲೆಯಲ್ಲಿದ್ದ ಮಾದೇಶನಿಗೆ ಆ ಫೋಟೋ ಹೋಯಿತು. ಸಂಜೆ ಫೋನು ಮಾಡಿದವನಿಗೆ ಮಾತಾಡಲು ಬಿಡದೆ ಅವನ ಜೊತೆಯವರೆಲ್ಲ, "ಅಮ್ಮ, ನಮ್ಗೂ ಏಳ್ಕೊಡಿ" ಅಂತ ಕೂಗುತ್ತಿದ್ದರು.

ಅದಕ್ಕೆ ಮೊದಲು, ಮಧ್ಯಾಹ್ನ, ಎಲ್ಲರೂ ಹೊಳೆಯ ಸಂಗಮದ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದ್ದರು. ಮರಿತಾಯಮ್ಮನ ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆ, ಅವರೆಕಾಳಿನ ಪಲ್ಯ, ಅಕ್ಕಿರೊಟ್ಟಿ ಇದ್ದವು. ಮಲ್ಲಾಜಮ್ಮನ ಚೀಲದಿಂದ ಚಪಾತಿ, ಬದನೆಕಾಯಿ, ಬೆಣ್ಣೆ, ದೊಡ್ಡ ಬಾಟಲಿ ಮಜ್ಜಿಗೆ ಹೊರಬಂದವು.

"ಮೊಟ್ಟೆ ಇಲ್ದೆ, ಮೀನಿಲ್ದೆ ಎಂಗ್ರಕ್ಕ ಇಷ್ಟು ಎತ್ತೀರಿ?"

"ಎಮ್ಮೆ ತಿಂದು ನಂಗೆ ಕೊಡ್ತದಲ್ಲವ್ವ. ಇಲ್ಲಿ, ನಿನ್ನ ಪಲ್ಯ ಒಸಿ ಆಕು."

ಮರಿತಾಯಮ್ಮ ಮಲ್ಲಾಜಮ್ಮನ ತಟ್ಟೆಗೆ ಪಲ್ಯ, ರೊಟ್ಟಿ ಹಾಕಿದಳು. ಮಲ್ಲಾಜಮ್ಮ ಮುರಿದು ಬಾಯಿಗಿಟ್ಟು, ಉಪ್ಪು ಹದ ಅಂದರು. ತಮ್ಮ ಬಾಟಲಿಯಿಂದ ಒಂದು ಗುಟುಕು ಎತ್ತಿ ಕುಡಿದು, ಬಾಟಲಿಯನ್ನು ಅವಳ ಕಡೆ ದೂಡಿದರು. ಹೊಳೆಯ ಗಾಳಿ ಚೆನ್ನಾಗಿತ್ತು. ಕರಿಯಯ್ಯ ಮೆಟ್ಟಿಲಿನ ಕಲ್ಲುಕೆಲಸ ನೋಡುತ್ತಾ, ಇದರ ಲೆವೆಲ್ ಸರಿಯಿಲ್ಲ ಅಂತ ಯಶೋಧರಾಳಿಗೆ ವಿವರಿಸುತ್ತಿದ್ದ. ತೋಳು ಎತ್ತಲಾಗದಷ್ಟು ನೋಯುತ್ತಿದ್ದರೂ ಮರಿತಾಯಮ್ಮನಿಗೆ ಎದ್ದು ಹೋಗುವ ಮನಸ್ಸೇ ಬರಲಿಲ್ಲ.

ಈಗ ಮಲ್ಲಾಜಮ್ಮನೂ ಶನಿವಾರ ನಂಜನಗೂಡಿಗೆ ಬರುತ್ತಾರೆ. ನರಸೀಪುರದ ಸುದ್ದಿ ಕೇಳಿ ಸೇರಿಕೊಂಡವರು ಇನ್ನೂ ಕೆಲವರಿದ್ದಾರೆ. ಶಿವನಂಜಮ್ಮ ಬರೀ ನೋಡುವುದಕ್ಕೆ ಅಂತ ಬಂದವಳು, ಮುಂದಿನ ಶನಿವಾರ ಪ್ಯಾಂಟು ಹೊಲಿಸಿಕೊಂಡು ಬಂದಳು. ಯುಗಾದಿ ಕಳೆದ ಮೊದಲ ಶನಿವಾರ ಮಲ್ಲಾಜಮ್ಮ ಬುಟ್ಟಿ ತುಂಬ ಒಬ್ಬಟ್ಟು ಹೊತ್ತು ಜಿಮ್ಮಿನ ಮೆಟ್ಟಿಲು ಹತ್ತಿದರು. ಎಲ್ಲರೂ ತಿಂದ ಮೇಲೆಯೇ ರಾಡು ಮುಟ್ಟಬೇಕು ಅಂತ ಹಟ ಹಿಡಿದರು. ಯಶೋಧರಾ ಹಿಟ್ಟು, ಸಕ್ಕರೆ, ತೂಕ ಅಂತ ಬೈಯಲು ಶುರುಮಾಡಿದಳು. ಮರಿತಾಯಮ್ಮ ತುಪ್ಪ ಸವರಿದ ಒಂದನ್ನು ಮಡಿಸಿ ಅವಳ ಕೈಗೆ ಕೊಟ್ಟಳು. ಬೈಗುಳ ಪೂರ್ತಿಯಾಗುವ ಮೊದಲೇ ಒಬ್ಬಟ್ಟು ಮುಗಿದಿತ್ತು.